ತಟ್ಟೆಯ ಮೇಲಿನ ಬೆರಳು

ಮೇಜಿನಿಂದ ಬಿದ್ದ ಹಾರ್ಡ್ ಡಿಸ್ಕನ್ನು ಲಿಫ್ಟ್ ಮೆಕ್ಯಾನಿಕ್ ಅಂದೇ ತಂದುಕೊಟ್ಟಿದ್ದರೆ ಕೆಲಸ ಸಲೀಸಾಗಿರುತ್ತಿತ್ತು. ಅವನು ಅದನ್ನು ಮೂರು ದಿನ ಚಾಲೂ ಮಾಡಿಟ್ಟು, ಕಿವಿಗೆ ಆನಿಸಿಕೊಂಡು ಕೂತಿದ್ದ.

"ಮೋಟಾರಿನ ಸದ್ದು ಕೇಳಿ ಲಿಫ್ಟಿನ ರೋಗ ಹೇಳೋನು ನಾನು. ಇಪ್ಪತ್ತು ವರ್ಷ ಪಳಗಿದ ಕಿವಿ ಇದು," ಎಂದ.

"ನಾಡಿ ಹಿಡಿದುಕೊಂಡೇ ರೋಗೀನ ಕಳಿಸಿಬಿಟ್ರಿ ಅನ್ನಿ," ಎಂದಳು ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದ ಹೆಂಗಸು. ಅಂಗಡಿ ಅವಳ ಗಂಡನದು. ಕೆಟ್ಟ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಅವನನ್ನು ಬೀದಿಯವರೆಲ್ಲ ಡಾಕ್ಟರು ಎನ್ನುತ್ತಿದ್ದರು. "ಒಳಗೆ ಏನಿದೆ?"

"ಮಗಳ ವಿಡಿಯೋ. ಮೂವತ್ತೆಂಟು."

"ಇನ್ನೊಂದು ಕಾಪಿ?"

"ಹಳೇ ಫೋನಲ್ಲಿತ್ತು. ಅದೂ ಹೋಯ್ತು."

"ಹೋಗ್ಲಿ ಬಿಡಿ. ಮಗಳು ಎದುರಿಗೇ ಇರ್ತಾಳೆ, ಹೊಸದು ತೆಗೆದ್ರಾಯ್ತು."

"ಅವಳಿಲ್ಲಮ್ಮ. ಎರಡು ವರ್ಷ ಆಯ್ತು."

ಪೆನ್ನು ನಿಂತಿತು. ಅವಳು ಗಂಡನ ಕಡೆ ನೋಡಿದಳು. ಡಾಕ್ಟರು ಡಿಸ್ಕನ್ನು ಕೈಗೆ ತೆಗೆದುಕೊಂಡರು.

"ಫೋಟೋ ಬೇಕಾದಷ್ಟಿವೆ ಸಾರ್," ಎಂದ ಮೆಕ್ಯಾನಿಕ್. "ಧ್ವನಿ ಇರೋದು ಇದರಲ್ಲಿ ಮಾತ್ರ. ನನ್ನ ಹೆಂಡ್ತಿಗೆ ಅದು ಮರೀತಾ ಇದೆ. ಬೆಳಿಗ್ಗೆ ಎದ್ದ ತಕ್ಷಣ ಮಗಳು ಅಮ್ಮಾ ಅಂತ ಹೇಗೆ ಕರೀತಿದ್ಲು ಅಂತ ನನ್ನ ಕೇಳ್ತಾಳೆ. ನಾನು ಕರೆದು ತೋರಿಸ್ತೀನಿ. ಹಾಗಲ್ಲ ಅಂತಾಳೆ."

ಡಾಕ್ಟರು ಯಾರಿಗೂ ಭರವಸೆ ಕೊಡುವವರಲ್ಲ. ಕೆಟ್ಟ ಹೆಡ್ ಇರುವ ಡಿಸ್ಕ್ ಮೂರು ದಿನ ತಿರುಗಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಒಳಗಿನ ತಟ್ಟೆ ಕನ್ನಡಿಯಂತಿರುತ್ತದೆ. ಅದನ್ನು ಓದುವ ಹೆಡ್ ಸೊಟ್ಟಗಾದರೆ ಕನ್ನಡಿಯನ್ನು ಕೆರೆದು ಪುಡಿ ಮಾಡುತ್ತದೆ. ಆ ಪುಡಿಯಿಂದ ಯಾರ ಧ್ವನಿಯನ್ನೂ ತೆಗೆಯಲಾಗದು.

ಗಾಜಿನ ಗೋಡೆಯಾಚೆ ಅವರ ಕೆಲಸದ ಕೋಣೆ. ದೂಳು ಬಾರದಂತೆ ಗಾಳಿ ಶೋಧಿಸುವ ಪೆಟ್ಟಿಗೆಯೊಳಗೆ ಕೈಗವಸಿನ ಕೈ ತೂರಿಸಿ ಅವರು ಡಿಸ್ಕನ್ನು ಪರೀಕ್ಷಿಸಿದರು. ಆರು ಸ್ಕ್ರೂಗಳ ತಲೆಗಳೂ ಹೊಸದರಂತೆಯೇ ಇದ್ದವು. ಒಂದರ ಮೇಲೆ ಕಾರ್ಖಾನೆಯ ಸ್ಟಿಕ್ಕರು, ಹರಿಯದೆ, ಅಂಚು ಏಳದೆ ಕೂತಿತ್ತು. ಅದನ್ನು ಕಿತ್ತು, ಮುಚ್ಚಳ ಎತ್ತಿದರು.

ತಟ್ಟೆಯ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ಹೊರ ಅಂಚಿನಲ್ಲಿ ಮಾತ್ರ ಒಂದು ಬೆರಳಚ್ಚಿತ್ತು. ಪುಟ್ಟದು; ಅವರ ಕಿರುಬೆರಳಿನ ಅರ್ಧ. ಸೊಟ್ಟಗಾದ ಹೆಡ್ ಆ ಜಿಡ್ಡಿನಲ್ಲಿ ಅಂಟಿಕೊಂಡು, ತಟ್ಟೆಯನ್ನು ತಿರುಗಲು ಬಿಡದೆ ಹಿಡಿದಿತ್ತು.

ಡಾಕ್ಟರು ಹೊರಗೆ ಬಂದು ಕೇಳಿದರು: "ಇದನ್ನ ಯಾರು ಬಿಚ್ಚಿದ್ದು?"

"ಯಾರೂ ಇಲ್ಲ. ಕಿವಿ ಇಟ್ಟಿದ್ದು ನಿಜ, ಸ್ಕ್ರೂಡ್ರೈವರ್ ಇಟ್ಟಿಲ್ಲ."

"ಮನೇಲಿ ಬೇರೆ ಮಕ್ಕಳು?"

"ಇಲ್ಲ ಸಾರ್. ಯಾಕೆ?"

ಅವರು ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದರು. ಮೈಕ್ರೋಸ್ಕೋಪಿನಡಿ ಅಚ್ಚು ಅಂಗೈಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಸುತ್ತು ಸುತ್ತು ಗೆರೆಗಳ ನಡುವೆ ಒಂದು ಓರೆ ಗೀರು. ಮೆಕ್ಯಾನಿಕ್ ಆ ಗೀರಿನ ಮೇಲೆ ಬೆರಳಿಟ್ಟ.

"ಬಲಗೈ ತೋರುಬೆರಳು," ಎಂದ. "ಶಾರ್ಪನರ್ ಬ್ಲೇಡು ತಾಗಿತ್ತು. ಎರಡು ಹೊಲಿಗೆ. ಅಳಲೇ ಇಲ್ಲ. ಹೊಲಿಗೆ ಹಾಕೋನಿಗೇ, ನಿಧಾನ ಮಾಡಿ ಮಾಮ, ಕೈ ನಡುಗ್ತಿದೆ ನಿಮ್ಗೆ, ಅಂದಿದ್ಲು."

ಡಾಕ್ಟರು ಡಿಸ್ಕಿನ ಚೀಟಿಯಲ್ಲಿದ್ದ ತಯಾರಿಕೆಯ ದಿನಾಂಕವನ್ನು ಓದಿದರು. ಮಗಳು ತೀರಿಕೊಂಡ ದಿನ ಕೇಳಿ, ಮತ್ತೊಮ್ಮೆ ಓದಿದರು. ಡಿಸ್ಕ್ ತಯಾರಾದದ್ದು ಆ ದಿನದಿಂದ ಏಳು ತಿಂಗಳ ನಂತರ.

"ಕಾರ್ಖಾನೆಯವರ ಬೆರಳಿರಬಹುದು," ಎಂದರು.

"ಆರು ವರ್ಷದವರನ್ನ ಅಲ್ಲಿ ಕೆಲಸಕ್ಕೆ ಇಟ್ಕೋತಾರಾ?"

ಇನ್ನೊಂದು ಸಂಗತಿಯೂ ಡಾಕ್ಟರ ಮಾತಿಗೆ ಒಪ್ಪುತ್ತಿರಲಿಲ್ಲ: ಮೊದಲ ದಿನದಿಂದ ಜಿಡ್ಡಿದ್ದಿದ್ದರೆ ಡಿಸ್ಕ್ ಒಂದು ಗಂಟೆಯೂ ನಡೆಯುತ್ತಿರಲಿಲ್ಲ. ಇದು ಒಂದು ವರ್ಷದ ಮೇಲೆ ಚೆನ್ನಾಗಿ ನಡೆದಿತ್ತು. ಅಚ್ಚು ಬಿದ್ದದ್ದು ಡಿಸ್ಕ್ ಬಿದ್ದ ಮೇಲೆ. ಮುಚ್ಚಿದ ಡಿಸ್ಕಿನೊಳಗೆ.

ಅವರು ಕಂಡದ್ದನ್ನಷ್ಟೇ ಹೇಳಿದರು. "ಈ ಅಚ್ಚು ಇರದಿದ್ದರೆ ಹೆಡ್ ಒಳಗೆ ಹೋಗಿ, ನೀವು ಕಿವಿ ಇಟ್ಟ ಮೂರು ದಿನದಲ್ಲಿ ಎಲ್ಲಾ ಕೆರೆದು ಹಾಕಿರೋದು. ಇದು ಅದನ್ನ ಬಾಗಿಲಲ್ಲೇ ತಡೆದಿದೆ. ಒಳಗಿರೋದೆಲ್ಲ ಹಾಗೇ ಇರಬೇಕು."

"ಹಾಗಾದ್ರೆ ತೆಗೀರಿ."

"ಹೊಸ ಹೆಡ್ ಹಾಕಿದ್ರೂ ಅದು ಆ ಅಂಚಿನಿಂದಲೇ ಒಳಗೆ ಹೋಗಬೇಕು. ಬೇರೆ ದಾರಿ ಇಲ್ಲ. ಅಚ್ಚನ್ನ ಒರೆಸಬೇಕಾಗತ್ತೆ."

ಮೆಕ್ಯಾನಿಕ್ ಪರದೆಯನ್ನೇ ನೋಡುತ್ತಿದ್ದ. "ಒರೆಸದೆ ಇದ್ರೆ?"

"ಅಚ್ಚು ನಿಮಗೆ ಉಳಿಯತ್ತೆ. ಧ್ವನಿ ಸಿಗಲ್ಲ."

ಅವನು ಫೋನ್ ತೆಗೆದುಕೊಂಡು ಹೊರಗೆ ಹೋದ. ಗಾಜಿನ ಬಾಗಿಲಿನಾಚೆ ಹೆಂಡತಿಯೊಡನೆ ಮಾತಾಡುವುದು ಕಾಣುತ್ತಿತ್ತು. ಬಹಳ ಹೊತ್ತು ಅವಳೇ ಮಾತಾಡಿದಳೆಂದು ತೋರಿತು, ಇವನು ತಲೆಯಾಡಿಸುತ್ತಿದ್ದ. ಒಳಗೆ ಬಂದವನು, "ಬೆರಳಿನ ವಿಷಯ ಹೇಳಲಿಲ್ಲ. ಹೇಳಿದ್ರೆ ಓಡಿ ಬಂದು ಇದರ ಮುಂದೆ ಕೂತ್ಬಿಡ್ತಾಳೆ, ಏಳಲ್ಲ," ಎಂದ. "ಒರೆಸಿ ಸಾರ್."

ಬೆರಳಿನ ಜಿಡ್ಡು ಒರೆಸುವುದು ಅಂಥ ದೊಡ್ಡ ಕೆಲಸವೇನಲ್ಲ. ಡಾಕ್ಟರು ಹಳೆಯ ಹೆಡ್ ಬಿಡಿಸಿ, ನೂಲು ಬಿಡದ ಬಟ್ಟೆಗೆ ಆಲ್ಕೋಹಾಲ್ ತಾಗಿಸಿ, ಒಳಗಿನಿಂದ ಹೊರಕ್ಕೆ ಒಂದೇ ಎಳೆತ ಎಳೆದರು. ಅಚ್ಚು ಹಾಗೇ ಇತ್ತು. ಬಟ್ಟೆ ಬದಲಿಸಿದರು. ಬೇರೆ ದ್ರಾವಣ ತೆಗೆದುಕೊಂಡರು. ನಾಲ್ಕನೆಯ ಸಲ ಒರೆಸುವಾಗ ಬಟ್ಟೆಯಡಿ ಏನೋ ಮೆಲ್ಲಗೆ ಎದುರೊತ್ತಿದಂತಾಗಿ ಕೈ ಹಿಂದೆ ತೆಗೆದರು. ಹದಿನೇಳು ವರ್ಷದಲ್ಲಿ ಅವರ ಕೈ ಪೆಟ್ಟಿಗೆಯೊಳಗೆ ನಡುಗಿದ್ದು ಅದೇ ಮೊದಲು.

"ರೀ, ಬಿಟ್ಬಿಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ. ತಮಾಷೆಯ ಹೆಂಗಸಿನ ದನಿ ಅದಾಗಿರಲಿಲ್ಲ.

"ನಾನು ಒಳಗೆ ಬರಬಹುದಾ?" ಎಂದ ಮೆಕ್ಯಾನಿಕ್.

ಅವನಿಗೂ ಟೋಪಿ, ಮುಖಗವಸು ಹಾಕಿಸಿದರು. ಅವನು ಪೆಟ್ಟಿಗೆಯ ಗಾಜಿಗೆ ಬಗ್ಗಿ, ಆಡುತ್ತಿದ್ದ ಮಗುವನ್ನು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದ:

"ಸಾಕು ಪುಟ್ಟಿ. ಕೈ ತೆಗಿ. ಅಪ್ಪ ಬಂದಿದೀನಲ್ಲ, ಇನ್ನು ನಾನು ನೋಡ್ಕೋತೀನಿ."

ಡಾಕ್ಟರು ಬಟ್ಟೆ ತಾಗಿಸಿದರು. ಒತ್ತಲೂ ಇಲ್ಲ. ತಟ್ಟೆ ಹೊಳೆಯಿತು.

ಕಾಪಿ ಮುಗಿದದ್ದು ಮರುದಿನ ಮಧ್ಯಾಹ್ನ. ಮೂವತ್ತೆಂಟು ಫೈಲೂ ಬಂದವು. ಒಂದನ್ನಾದರೂ ನುಡಿಸಿ ನೋಡದೆ ಡಾಕ್ಟರು ಯಾರಿಗೂ ಒಪ್ಪಿಸುವುದಿಲ್ಲ.

"ನೀವೇ ಕೇಳ್ತೀರಾ?" ಎಂದು ಮೆಕ್ಯಾನಿಕನತ್ತ ಹೆಡ್‌ಫೋನ್ ಚಾಚಿದರು.

"ಬೇಡ. ಅವಳ ಅಮ್ಮ ಮೊದಲು ಕೇಳ್ಲಿ. ನೀವು ಕೇಳಿ, ಇದೆಯಾ ಇಲ್ವಾ ಅಂತ ಮಾತ್ರ ಹೇಳಿ."

ಡಾಕ್ಟರು ಹಾಕಿಕೊಂಡರು. ಮೆಕ್ಯಾನಿಕ್ ಇಪ್ಪತ್ತು ವರ್ಷ ಪಳಗಿದ ಕಿವಿಯನ್ನು ಬಿಟ್ಟು, ಅವರ ಮುಖಕ್ಕೆ ಕಣ್ಣು ನೆಟ್ಟು ನಿಂತ. ಹನ್ನೊಂದು ಸೆಕೆಂಡು ಆ ಮುಖದಲ್ಲಿ ಏನೂ ಕದಲಲಿಲ್ಲ. ಆಮೇಲೆ, ಪಕ್ಕದಲ್ಲಿ ಯಾರೋ ಕರೆದಂತೆ, ಅವರು ಥಟ್ಟನೆ ತಲೆ ತಿರುಗಿಸಿ ಕೆಳಗೆ, ತಮ್ಮ ಸೊಂಟದ ಎತ್ತರಕ್ಕೆ, ನೋಡಿದರು.

"ಇದೆ," ಎಂದರು.