ಬೇಕರಿಯವನಿಗೆ ಮಾಡದೆ ಉಳಿದ ಕ್ಷೌರ

ಕ್ಷೌರಿಕನಿಗೆ ಇದ್ದದ್ದು ಇಬ್ಬರೇ ಜೀವದ ಗೆಳೆಯರು. ಚರ್ಚಿನ ಗಂಟೆ ಬಾರಿಸುವವನು ಒಬ್ಬ, ಎದುರು ಸಾಲಿನ ಬೇಕರಿಯವನು ಇನ್ನೊಬ್ಬ. ಮೂವತ್ತು ವರ್ಷ ಪ್ರತಿ ಶನಿವಾರ ಸಂಜೆ ಇಬ್ಬರೂ ಅವನ ಕತ್ತಿಗೆ ಗಡ್ಡ ಒಡ್ಡಿದ್ದರು. ಭಾನುವಾರ ಮೂವರೂ ಚರ್ಚಿನ ಕೊನೆಯ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಜನ ಅವರಿಗೆ ‘ಮೂರು ಕಾಲಿನ ಸ್ಟೂಲು’ ಎಂದೇ ಹೆಸರಿಟ್ಟಿದ್ದರು.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ ಗಂಟೆಯವನು ಮತ್ತೆ ಏಳಲೇ ಇಲ್ಲ. ಆ ದುಃಖ ಆರುವ ಮೊದಲೇ ಬೇಕರಿಯವನು ಆಸ್ಪತ್ರೆ ಸೇರಿದ. ಗಡ್ಡ ಬೆಳೆದು ಮುಖವೆಲ್ಲ ಕಡಿತ ಅನ್ನುತ್ತಿದ್ದಾರೆ, ಒಂದು ಸಲ ಬಂದು ತೆಗೆದುಹೋಗಿ ಎಂದು ಅವನ ಹೆಂಡತಿ ಎರಡು ಸಲ ಹೇಳಿಕಳಿಸಿದಳು. ಕ್ಷೌರಿಕ ಪೆಟ್ಟಿಗೆ ಹಿಡಿದು ಆಸ್ಪತ್ರೆಯ ಗೇಟಿನವರೆಗೆ ಹೋದ. ಔಷಧದ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಕಾಲು ತಣ್ಣಗಾದವು. ನಾಳೆ ಬಂದರಾಯಿತು ಎಂದುಕೊಂಡು ಹಿಂತಿರುಗಿದ. ನಾಳೆ ನಾಳೆ ಎನ್ನುತ್ತಲೇ ನಾಲ್ಕು ದಿನ ಕಳೆಯಿತು. ಐದನೆಯ ದಿನ ಸಾವಿನ ಸುದ್ದಿ ಬಂತು.

ಮಣ್ಣು ಕೊಡುವಾಗ ಅವನು ಎಲ್ಲರ ಹಿಂದೆ, ಮರದ ಮರೆಯಲ್ಲಿ ನಿಂತಿದ್ದ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಆಮೇಲೆ ಚರ್ಚಿನ ಕಡೆ ತಲೆಯೂ ಹಾಕಲಿಲ್ಲ.

ಮೂರು ವಾರ ಕಾದ ಪಾದ್ರಿಗಳು ಕೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ಅಂಗಡಿಗೇ ಬಂದರು. ಬಟ್ಟೆ ಹೊದಿಸುತ್ತಲೇ ಕ್ಷೌರಿಕ ಗಂಟುಮುಖದಲ್ಲಿ ಹೇಳಿದ: “ಅಯ್ಯನವರೇ, ಅವರಿಬ್ಬರೂ ದೇವರ ಹತ್ತಿರ ಸುಖವಾಗಿದ್ದಾರೆ ಅಂತ ಮಾತ್ರ ಹೇಳ್ಬೇಡಿ.”

“ಹೇಳಲ್ಲ. ಅದನ್ನ ನಾನೂ ನಂಬ್ತೀನಿ, ನೀವೂ ನಂಬ್ತೀರಿ,” ಎಂದರು ಪಾದ್ರಿಗಳು. “ಸತ್ತುಹೋಗಿದ್ದ ಗೆಳೆಯ ಲಾಜರನನ್ನ ಇನ್ನೇನು ಬದುಕಿಸಿ ಎಬ್ಬಿಸ್ತೀನಿ ಅಂತ ಯೇಸುಸ್ವಾಮಿಗೆ ಗೊತ್ತಿತ್ತು. ಆದ್ರೂ ಸಮಾಧಿ ಹತ್ರ ಅತ್ತರಲ್ಲ. ನೀವು ಯಾಕೆ ಅಳೋದನ್ನ ತಡ್ಕೊಂಡಿದ್ದೀರಿ?”

ಕತ್ತರಿಯ ಸದ್ದು ನಿಂತಿತು. ಕ್ಷೌರಿಕ ಆಸ್ಪತ್ರೆಯ ಗೇಟಿನಿಂದ ಹಿಂತಿರುಗಿದ ಸಂಗತಿಯನ್ನೆಲ್ಲ ಹೇಳಿಬಿಟ್ಟ. ದೇವರು ಕ್ಷಮಿಸುತ್ತಾನೆ, ಆದರೆ ಈ ಮಾತನ್ನು ಬೇಕರಿಯವನ ಹೆಂಡತಿಯ ಮುಂದೆಯೂ ಆಡಬೇಕು ಎಂದು ಪಾದ್ರಿಗಳು ಮೆಲ್ಲಗೆ ಹೇಳಿದರು.

ಅವನು ಹೋದಾಗ ಬೇಕರಿಯವನ ಹೆಂಡತಿ ಒಲೆಯಿಂದ ಬ್ರೆಡ್ಡಿನ ತಟ್ಟೆ ಎಳೆಯುತ್ತಿದ್ದಳು. ಕೇಳಿಸಿಕೊಂಡು, ತಟ್ಟೆ ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಎರಡು ದಿನ ಬಾಗಿಲ ಕಡೆನೇ ನೋಡ್ತಿದ್ರು, ಅಣ್ಣ. ಸುಳ್ಳು ಯಾಕೆ ಹೇಳ್ಲಿ, ನಂಗೆ ಮೈಯೆಲ್ಲ ಉರೀತಿತ್ತು. ಮೂರನೇ ದಿನ ಅವ್ರೇ ಅಂದ್ರು, ‘ಕೈಯಲ್ಲಿ ಕತ್ತಿ ಹಿಡಿದ್ರೂ ಅವನು ಪುಕ್ಕಲ ಕಣೇ. ಬಯ್ಬೇಡ, ಅವನಿಗೋಸ್ಕರ ಪ್ರಾರ್ಥನೆ ಮಾಡು’ ಅಂತ. ಮಾಡ್ದೆ. ಹಲ್ಲು ಕಚ್ಕೊಂಡು ಮಾಡ್ದೆ.”

ಕ್ಷೌರಿಕ ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕುಸಿದು ಮಗುವಿನಂತೆ ಅತ್ತ. ಅವಳು ತಡೆಯಲಿಲ್ಲ. ಅತ್ತು ಹಗುರಾದ ಮೇಲೆ ಒಂದು ಲೋಟ ನೀರು ಕೊಟ್ಟಳು. ಆಸ್ಪತ್ರೆಯಲ್ಲಿ ತನ್ನ ಗಂಡನಿದ್ದ ಮಂಚದ ಪಕ್ಕದಲ್ಲಿ ಹಿಂದುಮುಂದಿಲ್ಲದ ಒಬ್ಬ ಮುದುಕ ಇನ್ನೂ ಇದ್ದಾನೆ, ಅವನ ಗಡ್ಡ ತೆಗೆಯುವವರು ಯಾರೂ ಇಲ್ಲ ಎಂದಳು.

ಮರುದಿನ ಮಧ್ಯಾಹ್ನ ಅವನು ಉಸಿರು ಬಿಗಿಹಿಡಿದು ಗೇಟು ದಾಟಿದ. ನೊರೆ ಹಚ್ಚುವಾಗ ಕೈ ನಡುಗುತ್ತಿತ್ತು. ಯಾಕಪ್ಪ ಎಂದು ಮುದುಕ ಕೇಳಿದ. ಹೆದರಿಕೆ ಎಂದ ಕ್ಷೌರಿಕ.

“ನಂಗೂ ಹೆದರಿಕೆನೇ,” ಎಂದ ಮುದುಕ. “ನಿಧಾನವಾಗಿ ಮಾಡು. ನಂಗೇನು ಅವಸರವಿಲ್ಲ.”

ಅಂದಿನಿಂದ ಪ್ರತಿ ಬುಧವಾರ ಮಧ್ಯಾಹ್ನ ಅವನು ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೋಗತೊಡಗಿದ. ಗೆಳೆಯರ ನೆನಪು ಕಾಡುವುದು ನಿಲ್ಲಲಿಲ್ಲ, ಆದರೆ ಭಾನುವಾರ ಚರ್ಚಿಗೆ ಹೋಗಿ ಕೂರುವ ಶಕ್ತಿ ಬಂತು. ಎರಡು ತಿಂಗಳಿಗೆ ಆ ಮುದುಕನೂ ತೀರಿಕೊಂಡ. ಮಣ್ಣಿಗೆ ಬಂದವರು ನಾಲ್ಕೇ ಜನ. ಕ್ಷೌರಿಕ ಎಲ್ಲರಿಗಿಂತ ಮುಂದೆ ನಿಂತು ಸಂಕೋಚವಿಲ್ಲದೆ ಅತ್ತ. ಪಾದ್ರಿಗಳು ಪುನರುತ್ಥಾನದ ಮಾತು ಓದಿ ಮುಗಿಸಿದಾಗ ಅವನ ‘ಆಮೆನ್’ ಎಲ್ಲರಿಗೂ ಕೇಳಿಸಿತು.