ಕೊರಳಿನ ಹಳದಿ ಹೊಲಿಗೆ

ಉಪವಾಸದ ತಿಂಗಳು ಮುಗಿದು ಬರುವ ರಾಯಾ ಹಬ್ಬದ ದಿನ ನಮ್ಮ ಕಡಲ ದಂಡೆಯ ಊರಿನಲ್ಲಿ ಯಾವ ಮಗು ಯಾರದೆಂದು ಯಾರೂ ಕೇಳುವುದಿಲ್ಲ. ಒಂದು ಮನೆಗೆ ಒಂದು ಬಣ್ಣದ ಬಟ್ಟೆ. ಅಜ್ಜನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರಿಗೂ ಅದೇ. ಈ ಹುಚ್ಚು ಹಚ್ಚಿದವರು ಸಿಕ್ಕಿದ್ದರೆ ನಾನು ಸರಿಯಾಗಿ ವಿಚಾರಿಸಿಕೊಳ್ಳುತ್ತಿದ್ದೆ. ನನ್ನ ದೋಣಿಯ ಎಂಜಿನ್ ಕೈಕೊಟ್ಟ ವರ್ಷವದು. ಹೊಸ ಬಟ್ಟೆಯ ಮಾತೇ ಇರಲಿಲ್ಲ.

ಅದೇ ವರ್ಷ ನನ್ನ ತಂಗಿ ರುಹಾನಾ ತೀರಿಕೊಂಡು, ಅವಳ ಪುಟ್ಟ ಮಗಳು ಇಂತಾನ್ ನಮ್ಮ ಮನೆಗೆ ಬಂದಿದ್ದಳು. ಉಪವಾಸದ ತಿಂಗಳಲ್ಲಿ ಒಂದು ಸಂಜೆ ಪಕ್ಕದ ಮನೆಯ ಹುಡುಗಿ ಅವಳಿಗೆ, "ನೀನು ನೆಂಟರ ಪೈಕಿ. ನಿಂಗೆ ಈ ಮನೆ ಬಣ್ಣ ಕೊಡಲ್ಲ" ಎಂದಳಂತೆ. ಇಂತಾನ್ ಅಂದು ಗಂಜಿ ಮುಟ್ಟಲಿಲ್ಲ.

ನನ್ನ ಹೆಂಡತಿ ಹಸ್ನಿಜಾ ಮರುದಿನವೇ ಸಂತೆಯಿಂದ ಹಸಿರು ಬಣ್ಣದ ಪುಡಿ ತಂದಳು. ಮನೆಯಲ್ಲಿದ್ದ ಹಳೆಯ ಬಿಳಿ ಹತ್ತಿ ಬಟ್ಟೆಗಳನ್ನೆಲ್ಲ ಗುಡ್ಡೆ ಹಾಕಿ ಹಿತ್ತಲಲ್ಲಿ ಹಂಡೆ ಇಟ್ಟಳು.

"ಇಷ್ಟೊಂದು ಉಪ್ಪು ಸುರೀತಿದ್ದೀಯಲ್ಲ, ರುಚಿ ನೋಡೋರು ಯಾರು? ಉಪವಾಸ ಬೇರೆ" ಎಂದೆ.

"ಬಣ್ಣ ಕಚ್ಕೊಳ್ಳೋಕೆ ಉಪ್ಪು. ನಿಮ್ಮ ನಾಲಿಗೆಗಲ್ಲ. ಸೌದೆ ತನ್ನಿ."

ಇಂತಾನ್‌ಗೆ ಇದ್ದದ್ದು ಒಂದೇ ಬಿಳಿ ಬಟ್ಟೆ. ಅವಳ ಅಮ್ಮನ ಉದ್ದ ನಿಲುವಂಗಿ. ಹಸ್ನಿಜಾ ಅದನ್ನು ಅವಳ ಅಳತೆಗೆ ಚಿಕ್ಕದು ಮಾಡಿದ್ದಳು. ಕೊರಳ ಸುತ್ತ ರುಹಾನಾ ತನ್ನ ಕೈಯಾರೆ ಹಾಕಿದ ಹಳದಿ ಹೊಲಿಗೆ. ಹಾವುಮೀನಿನ ಮೂಳೆ ಎಂದು ನಾವು ಕರೆಯುವ ಒತ್ತು ಹೊಲಿಗೆ ಅದು. ಹುಡುಗಿ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಹಂಡೆಯ ಮುಂದೆ ನಿಂತಳು.

"ಅತ್ತೆ, ಇದನ್ನ ಹಾಕಿದ್ರೆ ಅಮ್ಮನ ಹೊಲಿಗೆ ಮುಳುಗಿಹೋಗುತ್ತಾ?"

ಹಸ್ನಿಜಾ ಸುಳ್ಳು ಹೇಳುವ ಪೈಕಿಯಲ್ಲ. "ಹಸಿರಾಗುತ್ತೆ ಕಂದ. ಹಾಕ್ಲೇಬೇಕು ಅಂತೇನಿಲ್ಲ."

ಇಂತಾನ್ ಬೇಲಿಯಾಚೆ ಪಕ್ಕದ ಮನೆಯ ಕಡೆ ನೋಡಿದಳು. ಆಮೇಲೆ ತಾನೇ ಬಟ್ಟೆಯನ್ನು ಹಂಡೆಗೆ ಬಿಟ್ಟು ಕಣ್ಣು ಮುಚ್ಚಿಕೊಂಡಳು.

ಹಸ್ನಿಜಾ ಕೋಲಿನಿಂದ ಒಂದೊಂದನ್ನೇ ಎತ್ತಿ ತೊಳೆದಳು. ನನ್ನ ಅಂಗಿ ಹಸಿರು. ನಮ್ಮ ಮಗ ಫಿಕ್ರಿಯದು ಹಸಿರು. ಕೊನೆಗೆ ಇಂತಾನ್‌ದು ಮೇಲೆ ಬಂತು. ಬಟ್ಟೆಯೆಲ್ಲ ಗಾಢ ಹಸಿರು. ಕೊರಳಲ್ಲಿ ಮಾತ್ರ ಆ ಹಳದಿ, ಒಂದು ಎಳೆಯೂ ಮಾಸದೆ, ಮೊದಲಿಗಿಂತ ಹೊಳೆಯುತ್ತ ನಿಂತಿತ್ತು. ಹಸ್ನಿಜಾ ಅದನ್ನು ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದು ನೋಡಿದಳು.

"ಪಾಲಿಯೆಸ್ಟರ್ ದಾರ" ಎಂದಳು ಹಸ್ನಿಜಾ ನಿಧಾನವಾಗಿ. "ಅದಕ್ಕೆ ಈ ಬಣ್ಣ ಹತ್ತಲ್ಲ. ನಂಗೆ ಹೊಳೀಲೇ ಇಲ್ಲ ನೋಡಿ."

ಒಣಗಿದ ಮೇಲೆ ಅವಳು ಅದನ್ನು ತೊಡೆಯ ಮೇಲೆ ಹರಡಿಕೊಂಡು, "ಇದೊಂದು ಬೇರೆಯಾಗೇ ಕಾಣುತ್ತೆ" ಎಂದು ಹೊಲಿಗೆ ಬಿಚ್ಚಲು ಕತ್ತರಿ ತೆಗೆದುಕೊಂಡಳು. ಇಂತಾನ್ ಆ ಕೊರಳ ಮೇಲೆ ಎರಡೂ ಅಂಗೈ ಇಟ್ಟಳು. ಹಸ್ನಿಜಾ ಆ ಕೈಗಳನ್ನೇ ನೋಡುತ್ತ ಕುಳಿತು, ಕೊನೆಗೆ ಕತ್ತರಿ ಕೆಳಗಿಟ್ಟಳು.

"ರೀ, ಅಂಗಡಿಗೆ ಹೋಗಿ ಹಳದಿ ದಾರ ತನ್ನಿ. ಪಾಲಿಯೆಸ್ಟರ್‌ದೇ."

ಹಬ್ಬದ ಬೆಳಿಗ್ಗೆ ಹಿರಿಯರ ಕೈ ಮುಟ್ಟಿ ಕ್ಷಮೆ ಕೇಳಲು ನಾವೆಲ್ಲ ಸಾಲಾಗಿ ನಿಂತೆವು. ಕಣ್ಣು ಮಂಜಾದ ನನ್ನ ದೊಡ್ಡಮ್ಮ ನಮ್ಮ ಕೊರಳುಗಳನ್ನು ಒಂದೊಂದಾಗಿ ಸವರಿ, "ಇದು ರುಹಾನಾ ಕೈ ಅಲ್ವೇನೋ? ನಿಮ್ಗೆಲ್ಲಾ ಯಾವಾಗ ಹಾಕಿಕೊಟ್ಲು?" ಎಂದಳು.

ಇಂತಾನ್ ನನ್ನ ಅಂಗಿಯ ಅಂಚು ಹಿಡಿದು ಹೇಳಿದಳು: "ನನ್ನಮ್ಮಂದು ನೋಡ್ಕೊಂಡು ಅತ್ತೆ ಹಾಕಿದ್ರು ಅಜ್ಜಿ. ಈ ಮನೇವ್ರಿಗೆಲ್ಲಾ ಇದೇ ಕೊರಳು."