ಕೀಲಿ ಹಾಕಿದ ಮನೆಯ ನೀರು

ಬೀದರಿನ ಆ ಸಣ್ಣ ಕಚೇರಿ ಬರಗಾಲದ ಊರುಗಳಿಗೆ ಟ್ಯಾಂಕರ್ ನೀರು ಕಳಿಸುತ್ತಿತ್ತು. ಯಾವ ಮನೆಗೆ ಎಷ್ಟು ಕೊಡ ಎಂದು ಹೇಳುವುದು ಕಂಪ್ಯೂಟರಿನ ಕೆಲಸ, ಕಂಪ್ಯೂಟರಿಗೆ ಬುದ್ಧಿ ಹೇಳುವುದು ಭಾಲ್ಕಿಯ ಶಿವಕಾಂತಾಳ ಕೆಲಸ. ಪ್ರೋಗ್ರಾಮು ಬರೆದವರು ದೂರದ ಮುಖ್ಯ ಕಚೇರಿಯವರು. ಅವರು ಹೊಸದಾಗಿ ತಿದ್ದಿದ್ದನ್ನು ಎಲ್ಲ ಜಿಲ್ಲೆಯವರೂ ಇಳಿಸಿಕೊಳ್ಳಬೇಕು. ಜಾಣರೇ, ಇಲ್ಲವೆನ್ನುವಂತಿಲ್ಲ. ಆದರೆ ಕೀಲಿ ಹಾಕಿದ ಮನೆಗೆ ನೀರು ಬೇಡ ಎಂಬುದು ಅವರ ಜಾಣತನ.

ಔರಾದ ಸೀಮೆಯ ಸಂಗತಿ ಬೇರೆ. ಎರಡನೇ ವರ್ಷವೂ ಮಳೆ ಕೈಕೊಟ್ಟಾಗ ಅರ್ಧ ಊರು ಕಬ್ಬು ಕಡಿಯಲು ಗಡಿ ದಾಟಿತ್ತು. ಹೋಗುವವರು ಕೀಲಿಕೈಯನ್ನೂ ಎಮ್ಮೆಯನ್ನೂ ನೆರೆಮನೆಗೆ ಒಪ್ಪಿಸಿ ಹೋಗುವುದು ಅಲ್ಲಿನ ರೂಢಿ. ಮನೆಗೆ ಬೀಗ ಬಿದ್ದರೆ ಎಮ್ಮೆಯ ಬಾಯಿಗೂ ಬೀಗ ಬೀಳುತ್ತದೆಯೇ? ಅದಕ್ಕೇ ಶಿವಕಾಂತಾ ತನ್ನ ಕಂಪ್ಯೂಟರಿನಲ್ಲಿ ಮಾತ್ರ ನಾಲ್ಕು ಸಾಲು ತಿದ್ದಿದ್ದಳು: ಕೀಲಿ ಹಾಕಿದ ಮನೆಯ ನೀರು ಕೀಲಿಕೈ ಇಟ್ಟುಕೊಂಡವರಿಗೆ. ಮೇಲಿನವರಿಗೆ ಹೇಳಿರಲಿಲ್ಲ. ಹೇಳಿದರೆ ನೂರೆಂಟು ಪ್ರಶ್ನೆ, ಸುಮ್ಮನಿದ್ದರೆ ಕೆಲಸ ಸಾಗುತ್ತದೆ ಎಂಬ ಉಪಾಯ ಅವಳದು.

ಒಂದು ಸಂಜೆ, ಹಳೆಯ ಪ್ರೋಗ್ರಾಮು ನಾಳೆಯಿಂದ ನಡೆಯುವುದಿಲ್ಲ ಎಂಬ ಸೂಚನೆ ಬಂತು. ಹೊಸದನ್ನು ಇಳಿಸಲು ಹೋದರೆ, ನಿನ್ನ ತಿದ್ದುಪಡಿ ಅಳಿಸಿಹೋಗುತ್ತದೆ ಎಂದು ಕಂಪ್ಯೂಟರ್ ಅಡ್ಡ ನಿಂತಿತು. ಅಳಿಸಿದರೆ ಅಳಿಸಲಿ ಎಂದ ಹಿರಿಯ ಸಹೋದ್ಯೋಗಿ ಯುನುಸ. ಶಿವಕಾಂತಾ ಒಪ್ಪಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತನ್ನ ನಾಲ್ಕು ಸಾಲನ್ನು ಬದಿಗೆ ಎತ್ತಿಟ್ಟು ಹೊಸದನ್ನು ಇಳಿಸಿದಳು. ಎಲ್ಲ ಸುಸೂತ್ರವಾಯಿತು. ಅಷ್ಟರಲ್ಲಿ ಭಾಲ್ಕಿಯ ಬಸ್ಸಿನ ಹೊತ್ತಾಯಿತು. ಕಟ್ಟಿದ ಬುತ್ತಿಯನ್ನು ಮನೆಯಲ್ಲೇ ಮರೆತು ಹೊಲಕ್ಕೆ ಹೋದವರಂತೆ, ಎತ್ತಿಟ್ಟದ್ದನ್ನು ಮತ್ತೆ ಸೇರಿಸದೆ ಓಡಿದಳು.

ಮರುದಿನ ಬೆಳಿಗ್ಗೆ ಬಂದು ಕುಳಿತಾಗಲೇ ನೆನಪಾದದ್ದು. ಟ್ಯಾಂಕರ್ ಆಗಲೇ ಹೋಗಿ ಬಂದಿತ್ತು. ಔರಾದ ತಾಲೂಕಿನ ಕಾಂತಾಬಾಯಿಗೆ ಫೋನು ಹಚ್ಚಿದಳು. ಕಬ್ಬು ಕಡಿಯಲು ಹೋದ ನೆರೆಮನೆಯ ಕಾಶೀರಾಮನ ಕೀಲಿಕೈ ಆಕೆಯ ಬಳಿ, ಅವನ ಗಬ್ಬದ ಎಮ್ಮೆ ಆಕೆಯ ಅಂಗಳದಲ್ಲಿತ್ತು. ಈ ಸಲ ನಿಮ್ಮ ಮನೆಯದಷ್ಟೇ ಎಂದು ಡ್ರೈವರ್ ಹೇಳಿ ಹೋದನಂತೆ. ನಮ್ಮ ಪಾಲನ್ನು ಎಮ್ಮೆಗೇ ಕುಡಿಸಿದೆ ಎಂದಳು ಕಾಂತಾಬಾಯಿ.

"ಮತ್ತ ನೀವೇನ್ ಕುಡದ್ರಿ?"

"ಬಿಸ್ಮಿಲ್ಲಾಬೀ ಮನಿಯಿಂದ ಒಂದ್ ಚರಗಿ ತಂದ್ರಾಯ್ತು ಬಿಡ್ರಿ. ನಮಗ ಕೇಳಿ ಕುಡಿಯೂದು ಗೊತ್ತದ, ಅದಕ್ಕ ಬಾಯಿಲ್ಲ. ಮ್ಯಾಲ, ಮಂದಿ ಅಮಾನತ ಇದು, ನಂಬಿ ಬಿಟ್ಟು ಹೋಗ್ಯಾರ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಬೈಯದ್ದಕ್ಕೇ ಶಿವಕಾಂತಾಳಿಗೆ ಹೆಚ್ಚು ನಾಚಿಕೆಯಾಯಿತು.

ಎತ್ತಿಟ್ಟ ಸಾಲುಗಳನ್ನು ಮರಳಿ ಸೇರಿಸಲು ಹೋದರೆ ಹೊಸ ತಂಟೆ. ಮೇಲಿನವರೂ ಅದೇ ಜಾಗ ತಿದ್ದಿ, ಕೀಲಿ ಹಾಕಿದ ಮನೆಯ ನೀರನ್ನು ಮುಂದಿನ ಊರಿಗೆ ಕೊಟ್ಟಿದ್ದರು. ಯಾರದು ಇರಬೇಕೆಂದು ಕಂಪ್ಯೂಟರ್ ಇವಳನ್ನೇ ಕೇಳಿತು. ಮುಂದಿನ ಊರೂ ಒಣಗಿದ್ದೇ. ಶಿವಕಾಂತಾ ಎರಡನ್ನೂ ಉಳಿಸಿದಳು: ಕೀಲಿಕೈ ಇಟ್ಟುಕೊಂಡವರಿದ್ದರೆ ಅವರಿಗೆ, ಯಾರೂ ಇಲ್ಲದಿದ್ದರೆ ಮುಂದಿನ ಊರಿಗೆ. ಮಧ್ಯಾಹ್ನದ ಟ್ಯಾಂಕರಿನಲ್ಲಿ ಎಮ್ಮೆಯ ಪಾಲು ಹೋಯಿತು.

ಮೊದಲಿನಂತೆ ಮುಚ್ಚಿಟ್ಟುಕೊಳ್ಳಬಹುದಿತ್ತು. ಯುನುಸನ ಸಲಹೆಯೂ ಅದೇ. ಆದರೆ ತಾನು ಇನ್ನೊಮ್ಮೆ ಮರೆತರೆ, ಈ ಕೆಲಸವನ್ನೇ ಬಿಟ್ಟರೆ? ತನ್ನೊಬ್ಬಳ ನೆನಪಿನ ಮೇಲೆ ಕಾಂತಾಬಾಯಿಯ ಕೊಡ ನಿಲ್ಲಬಾರದು ಅನ್ನಿಸಿತು. ರೂಢಿಯನ್ನು ವಿವರಿಸಿ, ಬೆಳಗಿನ ತಪ್ಪನ್ನೂ ಒಪ್ಪಿಕೊಂಡು, ತಿದ್ದುಪಡಿಯನ್ನು ಮುಖ್ಯ ಕಚೇರಿಗೇ ಕಳಿಸಿದಳು.

ಸಂಜೆಗೆ ಉತ್ತರ ಬಂತು. ನೆರೆಯವರು ಆ ನೀರನ್ನು ಪರರ ಎಮ್ಮೆಗೇ ಕುಡಿಸುತ್ತಾರೆ ಎನ್ನಲು ಖಾತ್ರಿ ಏನು ಎಂದು ಕೇಳಿದ್ದರು. ಶಿವಕಾಂತಾ ಬರೆದಳು:

"ಬೆಳಿಗ್ಗೆ ನಾವು ಎಮ್ಮೆಯ ಪಾಲು ಕೊಡಲಿಲ್ಲ. ಎಮ್ಮೆ ಕುಡಿದಿದೆ."